ಬೆಳ್ಳಿಯ ಮೇಲೆ ಕಾಡುಪ್ರಾಣಿ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಇದೇ ಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿ, ಮುಂದೆ ಬಿ.ಇ. ಓದಿ, ಈಗ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಸಮಿತಿಯವರು ಕರೆದಾಗ ಕಂಪ್ಯೂಟರ್ ಬಗ್ಗೆ ಮಾತಾಡಲು ಇರಬೇಕು ಅಂದುಕೊಂಡೆ. ಅವರಿಗೆ ಬೇಕಾಗಿದ್ದದ್ದು ನನ್ನ ಹವ್ಯಾಸ. ಹಲವು ವರ್ಷಗಳಿಂದ ನಾನು ಹಳೆಯ ನಾಣ್ಯಗಳನ್ನು ಕೂಡಿಸುತ್ತಿದ್ದೇನೆ, ಅದರಲ್ಲೂ ಪ್ರಾಣಿಗಳ ಚಿತ್ರ ಇರುವ ನಾಣ್ಯಗಳೆಂದರೆ ನನಗೆ ತುಂಬ ಇಷ್ಟ.

ವಿಷಯ ಏನೆಂದರೆ, ಐವತ್ತು ವರ್ಷದ ನೆನಪಿಗೆ ಬೆಳ್ಳಿಯ ನಾಣ್ಯ ಮಾಡಿಸಬೇಕು ಎಂಬ ಸಲಹೆ ಬಂದಿದೆ. ಒಂದು ಮುಖದಲ್ಲಿ ಶಾಲೆಯ ಹೆಸರು, ಇನ್ನೊಂದು ಮುಖದಲ್ಲಿ ಒಂದು ಕಾಡುಪ್ರಾಣಿ. ಯಾವ ಪ್ರಾಣಿ ಬೇಕು ಎಂದು ಮಕ್ಕಳನ್ನೇ ಕೇಳಿದರಂತೆ. ಹುಲಿ, ಸಿಂಹ, ಆನೆ ಎಲ್ಲವನ್ನೂ ಬಿಟ್ಟು ಮಕ್ಕಳು ಕಾಡುಪಾಪವನ್ನು ಆರಿಸಿದ್ದಾರೆ. ಇವತ್ತು ಸಂಜೆಯ ಸಭೆಯಲ್ಲಿ ಇದರ ತೀರ್ಮಾನ ಆಗಬೇಕು. ಖರ್ಚಾಗುವುದು ನಾವೆಲ್ಲ ಕೊಟ್ಟ ಚಂದಾ ಹಣ. ಆದ್ದರಿಂದ ನಾಣ್ಯದ ಬಗ್ಗೆ ನನಗೆ ತಿಳಿದಿರುವುದನ್ನು ಮೊದಲು ಹೇಳಿ, ನನ್ನ ಅಭಿಪ್ರಾಯವನ್ನು ಕೊನೆಗೆ ಇಡುತ್ತೇನೆ.

ಮೊದಲ ಮಾತು. ನಾವು ಮಾಡಿಸಲು ಹೊರಟಿರುವುದು ನಾಣ್ಯವೇ ಅಲ್ಲ! ನಾಣ್ಯ ಅಚ್ಚು ಹಾಕುವ ಅಧಿಕಾರ 2011ರ ನಾಣ್ಯ ಕಾಯ್ದೆಯ ಪ್ರಕಾರ ಕೇಂದ್ರ ಸರ್ಕಾರಕ್ಕೆ ಮಾತ್ರ ಇದೆ. ವರಮಹಾಲಕ್ಷ್ಮಿ ಹಬ್ಬಕ್ಕೆ, ದೀಪಾವಳಿಗೆ ನಾವು ಅಂಗಡಿಯಿಂದ ತರುವ ಲಕ್ಷ್ಮಿಯ ಬೆಳ್ಳಿ ಬಿಲ್ಲೆಯೂ ನಾಣ್ಯವಲ್ಲ. ಅದನ್ನು ಪದಕ ಅನ್ನಬಹುದು, ಬಿಲ್ಲೆ ಅನ್ನಬಹುದು. ನಮ್ಮದೂ ಅಷ್ಟೇ. ಅದರ ಮೇಲೆ ರೂಪಾಯಿ ಎಂದು ಬರೆಯುವಂತಿಲ್ಲ, ಸರ್ಕಾರದ ನಾಣ್ಯದಂತೆ ಕಾಣಿಸುವಂತೆಯೂ ಮಾಡಬಾರದು. ಇಷ್ಟನ್ನು ಸಮಿತಿ ಗಮನದಲ್ಲಿಟ್ಟುಕೊಳ್ಳಲಿ.

ಇನ್ನು ನಾಣ್ಯದ ಮೇಲೆ ಪ್ರಾಣಿ ಬಂದ ಕಥೆ. ನಮ್ಮ ದೇಶದ ಅತ್ಯಂತ ಹಳೆಯ ನಾಣ್ಯಗಳು ಬೆಳ್ಳಿಯವೇ. ಎರಡು ಸಾವಿರದ ನಾನ್ನೂರು ವರ್ಷಕ್ಕೂ ಹಿಂದಿನವು. ಬೆಳ್ಳಿಯ ತಗಡನ್ನು ಚೂರು ಚೂರಾಗಿ ಕತ್ತರಿಸಿ, ಸುಮಾರು ಮೂರೂಕಾಲು ಗ್ರಾಂ ತೂಕಕ್ಕೆ ತಂದು, ಒಂದೊಂದರ ಮೇಲೂ ಹಲವು ಸಣ್ಣ ಮುದ್ರೆಗಳನ್ನು ಒತ್ತುತ್ತಿದ್ದರು. ಸೂರ್ಯ, ಬೆಟ್ಟ, ಮರ, ಅವುಗಳ ಜೊತೆಗೆ ಆನೆ, ಗೂಳಿ, ನವಿಲು, ಮೊಲ. ಒಂದು ಅಕ್ಷರವೂ ಇಲ್ಲ, ರಾಜನ ಹೆಸರೂ ಇಲ್ಲ. ಚಿತ್ರ ನೋಡಿಯೇ ಜನ ನಂಬಬೇಕಿತ್ತು. ಅಂದರೆ ಬೆಳ್ಳಿಗೂ ಪ್ರಾಣಿಗೂ ನಂಟು ನಿನ್ನೆ ಮೊನ್ನೆಯದಲ್ಲ.

ನಮ್ಮ ಕನ್ನಡ ನಾಡಿಗೆ ಬಂದರೆ ನಾಣ್ಯದ ಹೆಸರೇ ಒಂದು ಕಾಡುಪ್ರಾಣಿಯದು. ವರಹ ಅಂದರೆ ಕಾಡುಹಂದಿ. ಬಾದಾಮಿ ಚಾಲುಕ್ಯರ ಲಾಂಛನ ವರಾಹ, ಆ ಹೆಸರೇ ಚಿನ್ನದ ನಾಣ್ಯಕ್ಕೆ ನಿಂತಿತು ಎನ್ನುತ್ತಾರೆ. ಆನೆ ಇದ್ದರೂ ಸಾವಿರ ವರಹ, ಸತ್ತರೂ ಸಾವಿರ ವರಹ ಎಂಬ ಗಾದೆ ನಿಮಗೆಲ್ಲ ಗೊತ್ತು. ಒಂದೇ ಗಾದೆಯಲ್ಲಿ ಎರಡು ಕಾಡುಪ್ರಾಣಿಗಳಿವೆ, ನಾವು ಯಾರೂ ಗಮನಿಸುವುದಿಲ್ಲ. ತಲಕಾಡಿನ ಗಂಗರ ಕಾಲದ್ದೆನ್ನುವ ಚಿನ್ನದ ನಾಣ್ಯದ ಮೇಲೆ ಆನೆ ಇದೆ. ಹೊಯ್ಸಳ ವಿಷ್ಣುವರ್ಧನನ ಚಿನ್ನದ ನಾಣ್ಯದಲ್ಲಿ ಒಂದು ಕಡೆ ಸಿಂಹ, ಇನ್ನೊಂದು ಕಡೆ ಕನ್ನಡ ಅಕ್ಷರದಲ್ಲಿ ತಲಕಾಡುಗೊಂಡ ಎಂಬ ಬಿರುದು. ವಿಜಯನಗರದ ಅಚ್ಯುತರಾಯನ ನಾಣ್ಯದಲ್ಲಿ ಗಂಡಭೇರುಂಡ ತನ್ನ ಕೊಕ್ಕು ಮತ್ತು ಉಗುರುಗಳಲ್ಲಿ ಆನೆಗಳನ್ನೇ ಎತ್ತಿಕೊಂಡಿದೆ.

ಇವೆಲ್ಲ ಚಿನ್ನ. ಆಗಿನ ಬಡವನ ಕೈಗೆ ಇವು ಬರುತ್ತಿದ್ದದ್ದು ಅಪರೂಪ. ನನಗೆ ತುಂಬ ಮುಖ್ಯ ಅನ್ನಿಸಿದ್ದು ಟಿಪ್ಪು ಸುಲ್ತಾನ್ ಕಾಲದ ನಾಣ್ಯಗಳು. ಆತನ ಬೆಳ್ಳಿ ರೂಪಾಯಿಯ ಎರಡೂ ಮುಖಗಳಲ್ಲಿ ಬರೀ ಪರ್ಷಿಯನ್ ಬರಹ, ಪ್ರಾಣಿ ಇಲ್ಲ. ತಾಮ್ರದ ಕಾಸಿನ ಮೇಲೆ ಮಾತ್ರ ಆನೆ. ನಿಂತ ಆನೆ, ನಡೆಯುವ ಆನೆ, ಸೊಂಡಿಲೆತ್ತಿದ ಆನೆ, ಎಡಕ್ಕೆ ತಿರುಗಿದ್ದು, ಬಲಕ್ಕೆ ತಿರುಗಿದ್ದು. ಶ್ರೀರಂಗಪಟ್ಟಣದಲ್ಲಷ್ಟೇ ಅಲ್ಲ, ನಮ್ಮ ಬೆಂಗಳೂರಿನ ಟಂಕಸಾಲೆಯಲ್ಲೂ ಈ ಆನೆ ಕಾಸು ಅಚ್ಚಾಗುತ್ತಿತ್ತು. ಮುಂದೆ ಮುಮ್ಮಡಿ ಕೃಷ್ಣರಾಜ ಒಡೆಯರು ಸಹ ತಾಮ್ರದ ಮೇಲೆ ಆನೆಯನ್ನು ಉಳಿಸಿಕೊಂಡರು, ಆಮೇಲೆ ಚಾಮುಂಡಿಯ ಸಿಂಹವನ್ನು ತಂದರು. ಜೊತೆಗೆ ಕನ್ನಡದಲ್ಲಿ ಬೆಲೆಯನ್ನೂ ಬರೆಸಿದರು.

ಬೆಳ್ಳಿಗೆ ಬರಹ, ತಾಮ್ರಕ್ಕೆ ಆನೆ ಏಕೆ? ಇದಕ್ಕೆ ಇತಿಹಾಸಕಾರರು ಬೇರೆ ಬೇರೆ ಕಾರಣ ಹೇಳಬಹುದು. ನನಗೆ ಅನ್ನಿಸುವುದು ಇಷ್ಟು. ಬೆಳ್ಳಿ ರೂಪಾಯಿ ಹಿಡಿದವರು ಸಾಹುಕಾರರು, ದಫ್ತರದವರು, ಓದಬಲ್ಲವರು. ತಾಮ್ರದ ಕಾಸು ಸಂತೆಯಲ್ಲಿ ಸೊಪ್ಪು ಮಾರುವವಳ ಕೈಗೆ, ಗಾಡಿ ಹೊಡೆಯುವವನ ಕೈಗೆ, ಉಪ್ಪು ತರಲು ಓಡುವ ಹುಡುಗನ ಕೈಗೆ ಹೋಗುವಂಥದ್ದು. ಅಕ್ಷರ ಬಾರದವರೂ ಆನೆಯನ್ನು ಗುರುತಿಸುತ್ತಾರೆ. ಎಲ್ಲರಿಗೂ ತಲುಪಬೇಕಾದ ಲೋಹದ ಮೇಲೆ ಎಲ್ಲರಿಗೂ ಗೊತ್ತಿದ್ದ ಪ್ರಾಣಿ. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮತ್ತೆ ಇಲ್ಲಿಗೇ ಬರುತ್ತೇನೆ.

ಬೆಳ್ಳಿಯ ಮೇಲೆ ಪ್ರಾಣಿ ಬಂದು ದೊಡ್ಡ ಗಲಾಟೆಯಾದ ಒಂದು ಪ್ರಸಂಗವೂ ಇದೆ. 1911ರಲ್ಲಿ ಐದನೇ ಜಾರ್ಜ್ ದೊರೆಯ ಹೊಸ ಬೆಳ್ಳಿ ರೂಪಾಯಿ ಬಂತು. ದೊರೆಯ ನಿಲುವಂಗಿಯ ಮೇಲೆ ಒಂದು ಪುಟ್ಟ ಆನೆ ಇತ್ತು. ಕೆತ್ತಿದವರು ಸೊಂಡಿಲನ್ನು ಎಷ್ಟು ಮೊಟಕು ಮಾಡಿದ್ದರೆಂದರೆ ಅದು ಜನರ ಕಣ್ಣಿಗೆ ಹಂದಿಯಂತೆ ಕಂಡಿತು. ಮುಸ್ಲಿಂ ಬಾಂಧವರು ಆಕ್ಷೇಪಿಸಿದರು, ದೇಶದಲ್ಲಿ ಗದ್ದಲವಾಯಿತು. ಸರ್ಕಾರ ಹಂಚಿಕೆ ನಿಲ್ಲಿಸಿ, ಕೈಯಲ್ಲಿ ಉಳಿದಿದ್ದ ರಾಶಿಯನ್ನು ಕರಗಿಸಿತು. ಸುಮಾರು 94 ಲಕ್ಷ ಅಚ್ಚಾಗಿದ್ದರಲ್ಲಿ ಜನರ ಕೈ ಸೇರಿದ್ದು 7 ಲಕ್ಷದಷ್ಟು ಮಾತ್ರ. 1912ರಲ್ಲಿ ಸೊಂಡಿಲು ಸರಿಯಾಗಿ ಕಾಣುವ ಆನೆಯೊಂದಿಗೆ ಮತ್ತೆ ಅಚ್ಚು ಹಾಕಿದರು. ಆ 1911ರ ರೂಪಾಯಿಯನ್ನು ಸಂಗ್ರಾಹಕರು ಇಂದಿಗೂ ಹಂದಿ ರೂಪಾಯಿ ಎಂದೇ ಕರೆಯುತ್ತಾರೆ. ಚಕ್ರವರ್ತಿಯ ಟಂಕಸಾಲೆಗೇ ಹೀಗಾದರೆ ನಮ್ಮ ಗತಿ ಏನು? ಕಾಡುಪಾಪ ಹೋಗಿ ಬೆಕ್ಕಿನ ಮರಿ ಬಂದರೆ ಮಕ್ಕಳೇ ನಮ್ಮನ್ನು ನೋಡಿ ನಗುತ್ತಾರೆ. ಅಚ್ಚು ಮಾಡುವ ಮುಂಚೆ ಚಿತ್ರವನ್ನು ನಮ್ಮ ಡ್ರಾಯಿಂಗ್ ಮೇಷ್ಟ್ರಿಗೂ, ಪ್ರಾಣಿಗಳನ್ನು ಬಲ್ಲ ಒಬ್ಬರಿಗೂ ತೋರಿಸಬೇಕು.

ಆ ಕಾಲದ ಬೆಳ್ಳಿ ರೂಪಾಯಿ ಅನೇಕರ ಮನೆಯಲ್ಲಿ ಇನ್ನೂ ಇದೆ. ಅದರ ತೂಕ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ. ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ. 1940ರಲ್ಲಿ ಬೆಳ್ಳಿಯ ಪ್ರಮಾಣವನ್ನು ಅರ್ಧಕ್ಕೆ ಇಳಿಸಿದರು. ಆಮೇಲೆ ಬೆಳ್ಳಿಯನ್ನು ಪೂರ್ತಿ ಬಿಟ್ಟು 1946ರಲ್ಲಿ ನಿಕ್ಕಲ್‌ನ ಅರ್ಧ ರೂಪಾಯಿ, ಕಾಲು ರೂಪಾಯಿಗಳನ್ನೂ 1947ರಲ್ಲಿ ನಿಕ್ಕಲ್‌ನ ರೂಪಾಯಿಯನ್ನೂ ಹೊರಡಿಸಿದರು. ಅವುಗಳ ಮೇಲೆ ನಡೆದು ಹೋಗುತ್ತಿರುವ ಹುಲಿ. ಹುಲಿ ಬಂತು, ಬೆಳ್ಳಿ ಹೋಯಿತು. 1950ರಲ್ಲಿ ಗಣರಾಜ್ಯದ ನಾಣ್ಯಗಳು ಬಂದಾಗ ದೊರೆಯ ತಲೆ ಇದ್ದ ಜಾಗಕ್ಕೆ ಅಶೋಕ ಸ್ತಂಭದ ಸಿಂಹಗಳು ಬಂದವು. ಒಂದು ಪೈಸೆಯ ಮೇಲೆ ಕುದುರೆ, ಆಣೆಗಳ ಮೇಲೆ ಗೂಳಿ.

ನಮ್ಮ ವಯಸ್ಸಿನವರಿಗೆ ಗೊತ್ತಿರುವುದು ಘೇಂಡಾಮೃಗದ ನಾಲ್ಕಾಣೆ. 1988ರಿಂದ ಬಂದ ಸ್ಟೀಲಿನ 25 ಪೈಸೆ. ಶಾಲೆಯ ಗೇಟಿನ ಹೊರಗೆ ಬೋಟಿ, ಕಡಲೆಮಿಠಾಯಿ, ಉಪ್ಪು ಖಾರ ಹಚ್ಚಿದ ಮಾವಿನಕಾಯಿ ಚೂರು ತಿಂದದ್ದೆಲ್ಲ ಆ ಘೇಂಡಾಮೃಗದ ದಯೆಯಿಂದ. ನಮ್ಮಲ್ಲಿ ಯಾರೂ ಅಸ್ಸಾಂ ನೋಡಿರಲಿಲ್ಲ. ಆದರೂ ಘೇಂಡಾಮೃಗಕ್ಕೆ ಒಂದೇ ಕೊಂಬು, ಅದು ನಮ್ಮ ದೇಶದ ಪ್ರಾಣಿ ಎಂದು ಎಲ್ಲರಿಗೂ ಗೊತ್ತಿತ್ತು. ಪಾಠಪುಸ್ತಕಕ್ಕಿಂತ ಮೊದಲು ನಾಲ್ಕಾಣೆ ಅದನ್ನು ಕಲಿಸಿತ್ತು. 2011ರ ಜೂನ್ 30ರ ನಂತರ 25 ಪೈಸೆಯ ಚಲಾವಣೆ ನಿಂತಿತು.

ಈಗ ಹೊಸ ಕಾಲದ ಬೆಳ್ಳಿ ನಾಣ್ಯಗಳ ವಿಷಯ. ಬಹಳ ದೇಶಗಳು ಕಾಡುಪ್ರಾಣಿಗಳ ಬೆಳ್ಳಿ ನಾಣ್ಯವನ್ನು ಸಂಗ್ರಾಹಕರಿಗಾಗಿಯೇ ಹೊರಡಿಸುತ್ತವೆ. ಕೆನಡಾ ದೇಶ 2011ರಿಂದ 2013ರವರೆಗೆ ತೋಳ, ಕಂದು ಕರಡಿ, ಕೂಗರ್ ಎಂಬ ದೊಡ್ಡ ಬೆಕ್ಕಿನ ಜಾತಿಯ ಪ್ರಾಣಿ, ಮೂಸ್ ಎಂಬ ದೊಡ್ಡ ಕಡವೆ, ಹುಲ್ಲೆ, ಕಾಡೆಮ್ಮೆಯಂಥ ಬೈಸನ್, ಹೀಗೆ ಆರು ಪ್ರಾಣಿಗಳ ಸರಣಿ ತಂದಿತು. ಒಂದೊಂದರಲ್ಲೂ ಒಂದು ಔನ್ಸ್, ಅಂದರೆ 31.1 ಗ್ರಾಂ ಶುದ್ಧ ಬೆಳ್ಳಿ. ಒಂದೊಂದನ್ನೂ ಹತ್ತು ಲಕ್ಷ ಅಚ್ಚು ಹಾಕಿದರು. ನಮ್ಮ ಹತ್ತಿರದ ಉದಾಹರಣೆ ಬೇಕೆಂದರೆ ಮೈಸೂರು. ಹುಲಿ ಯೋಜನೆಗೆ ಐವತ್ತು ವರ್ಷ ತುಂಬಿದಾಗ, 2023ರ ಏಪ್ರಿಲ್ 9ರಂದು ಮೈಸೂರಿನಲ್ಲಿ ಪ್ರಧಾನಿಯವರು 50 ರೂಪಾಯಿಯ ಸ್ಮರಣಾರ್ಥ ನಾಣ್ಯ ಬಿಡುಗಡೆ ಮಾಡಿದರು. 1973ರಲ್ಲಿ ಆ ಯೋಜನೆ ಶುರುವಾದಾಗ ಮೊದಲ ಒಂಬತ್ತು ಹುಲಿ ಮೀಸಲು ಪ್ರದೇಶಗಳಲ್ಲಿ ನಮ್ಮ ಬಂಡೀಪುರವೂ ಒಂದು. ದೇಶದಲ್ಲಿ 3,167 ಹುಲಿಗಳಿವೆ ಎಂಬ ಎಣಿಕೆಯನ್ನು ಪ್ರಕಟಿಸಿದ್ದೂ ಅದೇ ಸಮಾರಂಭದಲ್ಲಿ.

ಇಂಥ ನಾಣ್ಯಕ್ಕೆ ಮೂರು ಬೆಲೆ ಇರುತ್ತದೆ. ಮೊದಲನೆಯದು ಮುಖಬೆಲೆ, ಅದರ ಮೇಲೆ ಬರೆದಿರುವುದು. ಎರಡನೆಯದು ಅದರೊಳಗಿನ ಲೋಹದ ಬೆಲೆ. ಮೂರನೆಯದು ಸಂಗ್ರಾಹಕ ಕೊಡಲು ಒಪ್ಪುವ ಬೆಲೆ. ಹೊಸ ಸಂಸತ್ ಭವನದ ನೆನಪಿಗೆ 2023ರಲ್ಲಿ ಬಂದ ನಾಣ್ಯವನ್ನು ನೋಡಿ. ಮುಖಬೆಲೆ 75 ರೂಪಾಯಿ. ತೂಕ 35 ಗ್ರಾಂ, ಅದರಲ್ಲಿ ಅರ್ಧ ಬೆಳ್ಳಿ, ಉಳಿದದ್ದು ತಾಮ್ರ, ನಿಕ್ಕಲ್, ಸತು. ಹದಿನೇಳೂವರೆ ಗ್ರಾಂ ಬೆಳ್ಳಿ 75 ರೂಪಾಯಿಗೆ ಎಲ್ಲಿ ಸಿಗುತ್ತದೆ? ಹಾಗಾಗಿ ಟಂಕಸಾಲೆಯೇ ಅದನ್ನು ಮುಖಬೆಲೆಗಿಂತ ಹೆಚ್ಚಿನ ದರಕ್ಕೆ ಮಾರುತ್ತದೆ. ಮೂರು ಬೆಲೆಗಳನ್ನು ಬೇರೆ ಬೇರೆಯಾಗಿ ನೋಡಿದವನು ಮೋಸ ಹೋಗುವುದಿಲ್ಲ. ಕಲಸಿ ಹೇಳುವವನ ಮಾತು ನಂಬಿದರೆ ಕೈ ಸುಡುತ್ತದೆ.

ಇದನ್ನು ಒತ್ತಿ ಹೇಳಲು ಕಾರಣ ಇದೆ. ನಮ್ಮ ಬೀದಿಯ ಹಿರಿಯರೊಬ್ಬರಿಗೆ ಫೋನ್ ಬಂತು. ನಿಮ್ಮ ಹತ್ತಿರ ಇರುವ ಹಳೆಯ ನಾಣ್ಯಕ್ಕೆ ಲಕ್ಷ ಲಕ್ಷ ಕೊಡುತ್ತೇವೆ ಎಂದರು. ಮೊದಲು ನೋಂದಣಿ ಶುಲ್ಕ, ಆಮೇಲೆ ತೆರಿಗೆ, ಆಮೇಲೆ ಕೊರಿಯರ್ ಖರ್ಚು ಎಂದು ಪಿಂಚಣಿ ಹಣವನ್ನೆಲ್ಲ ಕಿತ್ತುಕೊಂಡರು. ನಾಣ್ಯ ಅವರ ಪೆಟ್ಟಿಗೆಯಲ್ಲೇ ಉಳಿಯಿತು, ಹಣ ಹೋಯಿತು. ಇಂಥ ವಂಚನೆಯ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಕೆ ಕೊಟ್ಟಿದೆ. ಹಳೆಯ ನೋಟು ನಾಣ್ಯ ಕೊಳ್ಳುವ ಮಾರುವ ವ್ಯವಹಾರ ತನ್ನದಲ್ಲ, ಅದಕ್ಕೆ ತಾನು ಯಾವ ಶುಲ್ಕವನ್ನೂ ಕೇಳುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ಮಕ್ಕಳೇ, ನಿಮ್ಮ ಅಜ್ಜ ಅಜ್ಜಿಗೆ ಇದನ್ನು ಇವತ್ತೇ ಹೇಳಿ. ಕೊಳ್ಳುವವನು ನಮಗೆ ಹಣ ಕೊಡಬೇಕೇ ಹೊರತು ನಾವು ಅವನಿಗೆ ಕೊಡಬೇಕಾಗಿಲ್ಲ.

ಇನ್ನೊಂದು ಮೋಸ ಲೋಹದ್ದು. ಬೆಳ್ಳಗಿರುವುದೆಲ್ಲ ಹಾಲಲ್ಲ, ಹೊಳೆಯುವುದೆಲ್ಲ ಬೆಳ್ಳಿಯೂ ಅಲ್ಲ. ಜರ್ಮನ್ ಸಿಲ್ವರ್ ಎಂಬ ಹೆಸರಿನಲ್ಲಿ ಸಿಲ್ವರ್ ಇದೆ, ಒಳಗೆ ಇರುವುದು ತಾಮ್ರ, ಸತು, ನಿಕ್ಕಲ್. ಬಿಐಎಸ್ ಹಾಲ್‌ಮಾರ್ಕ್ ನೋಡಿ ಕೊಳ್ಳುವುದು ಸರಿಯಾದ ದಾರಿ. ನಮ್ಮ ಶಾಲೆಯ ಪ್ರಯೋಗಾಲಯದಲ್ಲೂ ಒಂದು ಪರೀಕ್ಷೆ ಮಾಡಬಹುದು. ಹತ್ತು ಗ್ರಾಂನ ಹತ್ತು ಬಿಲ್ಲೆಗಳನ್ನು ನೀರಿರುವ ಅಳತೆ ಜಾಡಿಗೆ ಬಿಡಿ. ಬೆಳ್ಳಿಯಾದರೆ ನೀರು ಸುಮಾರು ಒಂಬತ್ತೂವರೆ ಮಿಲಿಲೀಟರ್ ಏರುತ್ತದೆ. ಜರ್ಮನ್ ಸಿಲ್ವರ್ ಆದರೆ ಹನ್ನೊಂದಕ್ಕಿಂತ ಮೇಲೆ ಹೋಗುತ್ತದೆ. ಆರ್ಕಿಮಿಡೀಸ್ ಪಾಠ ಪರೀಕ್ಷೆಗೆ ಮಾತ್ರ ಅಲ್ಲ, ಸಂತೆಗೂ ಉಪಯೋಗಕ್ಕೆ ಬರುತ್ತದೆ.

ಮನೆಯಲ್ಲಿರುವ ಹಳೆಯ ಬೆಳ್ಳಿ ರೂಪಾಯಿಗಳ ಬಗ್ಗೆಯೂ ಒಂದು ಮಾತು. ನಮ್ಮ ಅಜ್ಜಿ ಬಿಟ್ಟುಹೋದ ಎಂಟು ರೂಪಾಯಿಗಳನ್ನು ಕರಗಿಸಿ ಮಗುವಿಗೆ ಕಾಲ್ಗೆಜ್ಜೆ ಮಾಡಿಸೋಣ ಎಂದು ಮಾತು ಬಂದಾಗ ನಮ್ಮಮ್ಮ ಒಪ್ಪಲಿಲ್ಲ. ಅವು ಲಕ್ಷ್ಮಿ ಪೂಜೆಯ ತಟ್ಟೆಯಲ್ಲೇ ಇರಲಿ, ಮಗುವಿಗೆ ಗೆಜ್ಜೆ ಬೇರೆ ತರೋಣ ಎಂದರು. ನಿಮ್ಮಲ್ಲಿದ್ದರೆ ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಕರಗಿಸಲೂ ಬೇಡಿ. ಇಸವಿ ನೋಡಿ, ತಿಳಿದವರಿಗೆ ತೋರಿಸಿ. ಕಷ್ಟಕ್ಕೆ ಮಾರಲೇಬೇಕಾದರೆ ಮಾರಿ, ತಪ್ಪಿಲ್ಲ, ಆದರೆ ಏನು ಮಾರುತ್ತಿದ್ದೇವೆ ಎಂದು ತಿಳಿದು ಮಾರಿ. ಪಾಯ ತೋಡುವಾಗ ನೆಲದಲ್ಲಿ ಹಳೆಯ ನಾಣ್ಯ ಸಿಕ್ಕರೆ ಅದನ್ನು ಸರ್ಕಾರಕ್ಕೆ ತಿಳಿಸಬೇಕು, ನಿಧಿಗೆ ಸಂಬಂಧಪಟ್ಟ 1962ರ ಕಾಯ್ದೆ ನಮ್ಮ ರಾಜ್ಯದಲ್ಲಿದೆ. ಬೆಂಗಳೂರಿನಲ್ಲಿ ಏನು ಸಿಕ್ಕೀತು ಅನ್ನಬೇಡಿ. ಯಶವಂತಪುರದಲ್ಲಿ 1891ರಲ್ಲಿ ರೋಮ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳು ಸಿಕ್ಕಿವೆ!

ಈಗ ನಮ್ಮ ಬಿಲ್ಲೆಯ ವಿಷಯಕ್ಕೆ ಬರುತ್ತೇನೆ. ಮಕ್ಕಳು ಆರಿಸಿದ ಪ್ರಾಣಿಯ ಬಗ್ಗೆ ನನಗೆ ಹೆಮ್ಮೆ ಇದೆ. ಕಾಡುಪಾಪ ಬೆಂಗಳೂರಿನದೇ ಪ್ರಾಣಿ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಇಂದಿಗೂ ಇದೆ. ಹಗಲೆಲ್ಲ ನಿದ್ದೆ, ರಾತ್ರಿ ಹುಳುಹುಪ್ಪಟೆಯ ಬೇಟೆ. ನೆಲಕ್ಕೆ ಇಳಿಯುವುದು ಅದಕ್ಕೆ ಅಪಾಯ, ಕೊಂಬೆಯಿಂದ ಕೊಂಬೆಗೆ ದಾಟಿಕೊಂಡೇ ಹೋಗಬೇಕು. ಎರಡು ಮರಗಳ ನಡುವೆ ಬಿರುಕು ಬಿದ್ದರೆ ಅದರ ದಾರಿ ಮುಗಿಯಿತು. ಮಾಟ ಮಂತ್ರದ ಮೂಢನಂಬಿಕೆಯಿಂದಲೂ ಅದನ್ನು ಹಿಡಿದು ಹಿಂಸಿಸಿದ್ದಾರೆ. ಕಾನೂನಿನ ರಕ್ಷಣೆ ಇದೆ, ಮರಗಳ ಸಾಲು ಕಡಿಮೆಯಾಗಿದೆ. ಲಾಲ್‌ಬಾಗ್‌ನ ಸಿದ್ದಾಪುರ ಗೇಟಿನ ಆಸುಪಾಸಿನವರು ನಾವು, ಗಿಡ ಬೆಳೆಸಿ ಮಾರುವ ನರ್ಸರಿಗಳ ನಡುವೆ ಬೆಳೆದವರು. ಮರದ ಸಾಲು ಅಂದರೆ ಏನು ಎಂದು ನಮಗೆ ಹೇಳಿಕೊಡಬೇಕಾಗಿಲ್ಲ.

ಆದರೆ ಲೋಹ ಯಾವುದು? ಬೆಳ್ಳಿಯ ದರ ದಿನವೂ ಏರಿಳಿಯುತ್ತದೆ. ಲೆಕ್ಕ ಸುಲಭವಾಗಲಿ ಎಂದು ಗ್ರಾಂಗೆ 100 ರೂಪಾಯಿ ಎಂದಿಟ್ಟುಕೊಳ್ಳೋಣ. ಇಪ್ಪತ್ತು ಗ್ರಾಂನ ಒಂದು ಬಿಲ್ಲೆಗೆ ಲೋಹವೇ 2,000 ರೂಪಾಯಿ. ನೂರು ಬಿಲ್ಲೆಗೆ ಎರಡು ಲಕ್ಷ. ಮೇಲೆ ಮಜೂರಿ, ಮೇಲೆ ಜಿಎಸ್‌ಟಿ. ನಾಳೆ ಯಾರಾದರೂ ಮಾರಲು ಹೋದರೆ ಮಜೂರಿಯೂ ತೆರಿಗೆಯೂ ವಾಪಸ್ ಬರುವುದಿಲ್ಲ. ಅಷ್ಟು ಖರ್ಚು ಮಾಡಿದರೂ ಅದು ಸಿಗುವುದು ಹೆಚ್ಚು ಚಂದಾ ಕೊಟ್ಟ ನಮ್ಮಂಥ ನೂರು ಜನಕ್ಕೆ. ನಾವು ಅದನ್ನು ಬೀರುವಿನಲ್ಲಿ, ಲಾಕರಿನಲ್ಲಿ ಇಡುತ್ತೇವೆ. ಕಾಡುಪಾಪ ಅಲ್ಲೂ ಹಗಲು ರಾತ್ರಿ ನಿದ್ದೆ ಮಾಡುತ್ತದೆ.

ತಾಮ್ರವಾದರೆ ಗ್ರಾಂಗೆ ಒಂದೆರಡು ರೂಪಾಯಿ. ಅಚ್ಚು ಮಾಡಿಸುವ ಖರ್ಚು ಎರಡಕ್ಕೂ ಒಂದೇ. ಅದೇ ಅಚ್ಚಿನಲ್ಲಿ ಇವತ್ತು ಈ ಶಾಲೆಯಲ್ಲಿ ಓದುತ್ತಿರುವ ಪ್ರತಿ ಮಗುವಿಗೂ, ಪ್ರತಿ ಮೇಷ್ಟ್ರಿಗೂ ಮೇಡಂಗೂ, ಅಡುಗೆ ಮಾಡಿ ಬಡಿಸುವ ಅಮ್ಮಂದಿರಿಗೂ, ಗಂಟೆ ಬಾರಿಸುವವರಿಗೂ, ಬಂದ ಎಲ್ಲ ಹಳೆಯ ವಿದ್ಯಾರ್ಥಿಗಳಿಗೂ ಒಂದೊಂದು ಕೊಡಬಹುದು. ಟಿಪ್ಪುವಿನ ಆನೆ ತಾಮ್ರದ ಮೇಲೆ ಇದ್ದದ್ದರಿಂದಲೇ ಸಂತೆಗೆ ಹೋಯಿತು. ನಮ್ಮ ಘೇಂಡಾಮೃಗ ಸ್ಟೀಲಿನ ಮೇಲೆ ಇದ್ದದ್ದರಿಂದಲೇ ನಮ್ಮ ಜೇಬಿಗೆ ಬಂತು. ಮಕ್ಕಳು ಆರಿಸಿದ ಪ್ರಾಣಿ ಮಕ್ಕಳ ಕೈಗೇ ಸಿಗದೆ ಹೋದರೆ ಆರಿಸಲು ಕೇಳಿದ್ದು ಯಾತಕ್ಕೆ?

ಬೆಳ್ಳಿಯಲ್ಲೂ ಒಂದು ಇರಲಿ, ಬೇಡ ಅನ್ನುವುದಿಲ್ಲ. ಒಂದೇ ಒಂದು ಬಿಲ್ಲೆ, ಹಾಲ್‌ಮಾರ್ಕ್ ಮಾಡಿಸಿ, ಮುಖ್ಯೋಪಾಧ್ಯಾಯರ ಕೊಠಡಿಯ ಗಾಜಿನ ಕಪಾಟಿನಲ್ಲಿ ಇಡೋಣ. ಅದರ ಪಕ್ಕದಲ್ಲಿಡಲು ನನ್ನ ಸಂಗ್ರಹದಿಂದ ಒಂದು ಆನೆ ಕಾಸು, 1947ರ ಒಂದು ಹುಲಿ ರೂಪಾಯಿ, ಒಂದು ಘೇಂಡಾಮೃಗದ ನಾಲ್ಕಾಣೆ ಕೊಡುತ್ತೇನೆ. ಉಳಿದ ಹಣವನ್ನು ಪ್ರಯೋಗಾಲಯಕ್ಕೂ, ಮೈದಾನದ ಸುತ್ತ ನೆರಳಿನ ಮರ ನೆಡುವುದಕ್ಕೂ ಬಳಸೋಣ. ಗಿಡಗಳಿಗೆ ದೂರ ಹೋಗಬೇಕಾಗಿಲ್ಲ, ನಮ್ಮ ಊರಿನ ನರ್ಸರಿಯವರೇ ಈ ಸಭೆಯಲ್ಲಿದ್ದಾರೆ, ದರದಲ್ಲಿ ರಿಯಾಯಿತಿ ಕೊಡುತ್ತಾರೆ ಎಂದು ಅವರ ಮುಖ ನೋಡಿಯೇ ಹೇಳುತ್ತಿದ್ದೇನೆ.

ಇದು ನನ್ನ ಅಭಿಪ್ರಾಯ ಮಾತ್ರ. ಬೆಳ್ಳಿಯೇ ಬೇಕು ಎನ್ನುವ ಹಿರಿಯರಿಗೂ ಅವರದೇ ಕಾರಣ ಇದೆ. ಸುವರ್ಣ ಮಹೋತ್ಸವ ಮತ್ತೆ ಬರುವುದಿಲ್ಲ, ಕೊಡುವುದು ಘನವಾಗಿರಲಿ ಎಂಬ ಆಸೆ ತಪ್ಪಲ್ಲ. ಸಂಜೆಯ ಸಭೆಗೆ ಎಲ್ಲರೂ ಬನ್ನಿ, ಎರಡೂ ಕಡೆಯ ಲೆಕ್ಕ ನೋಡಿ ಕೈ ಎತ್ತಿ. ತೀರ್ಮಾನ ಏನೇ ಆದರೂ ಚಿತ್ರ ಸರಿಯಾಗಿ ಬರುವವರೆಗೆ ಅಚ್ಚಿನ ಕೆಲಸ ನೋಡಿಕೊಳ್ಳುವ ಜವಾಬ್ದಾರಿ ನನ್ನದು.